ಇಳಿಸದೇ ಉಳಿದ ನೆಟ್

ಮೂಡಿಗೆರೆಯ ನಮ್ಮ ಕಾಲೇಜಿನಲ್ಲಿ ಆಟಕ್ಕೂ ಜಗಲಿ, ಹಿತ್ತಿಲು ಎಂದು ಇತ್ತು. ಮುಂದುಗಡೆ, ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕಾಣುವಂತೆ, ಹುಡುಗರ ವಾಲಿಬಾಲ್ ಅಂಕಣ. ಹಿಂದುಗಡೆ, ಹುಡುಗಿಯರ ವಿಶ್ರಾಂತಿ ಕೋಣೆಯ ಪಕ್ಕ, ಗೋಡೆಯ ಮರೆಯಲ್ಲಿ ಥ್ರೋಬಾಲ್ ಅಂಕಣ. ಹೀಗೇ ಇರಬೇಕೆಂದು ಯಾರೂ ಬೋರ್ಡು ಬರೆದು ತೂಗುಹಾಕಿರಲಿಲ್ಲ. ಆದರೂ ಕಾಲೇಜಿಗೆ ಸೇರಿದ ಮೊದಲ ದಿನವೇ ಯಾವ ಹುಡುಗಿಗೂ ದಾರಿ ತಪ್ಪುತ್ತಿರಲಿಲ್ಲ. ಥ್ರೋಬಾಲ್ ಎಂದರೆ ಚೆಂಡನ್ನು ಎರಡು ಕೈಯಲ್ಲಿ ಹಿಡಿದು ನೆಟ್‌ನ ಆಚೆಗೆ ಎಸೆಯುವ ಆಟ. ಮೇಲಕ್ಕೆ ಹಾರಬೇಕಾಗಿಲ್ಲ, ನೆಲಕ್ಕೆ ಬೀಳಬೇಕಾಗಿಲ್ಲ, ಪಿನ್ನು ಹಾಕಿದ ದುಪಟ್ಟಾ ಹಾಕಿದ ಹಾಗೇ ಇರುತ್ತದೆ. ಹೆಣ್ಣುಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಕಾಲೇಜಿನವರು ಅಂದುಕೊಂಡಿದ್ದರು. ನಾವೂ ಅಂದುಕೊಂಡಿದ್ದೆವು.

ನಾನು ಮಾತ್ರ ಅಷ್ಟು ಸುಲಭಕ್ಕೆ ಅಂದುಕೊಂಡಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಜಾಗ. ಅಪ್ಪ ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಎಸ್ಟೇಟಿನ ಗುಮಾಸ್ತನಿಗೆ ನಮ್ಮ ಕಡೆ ಹಾಗೇ ಹೆಸರು. ನಮಗೆ ಕೊಟ್ಟಿದ್ದ ಮನೆ ಕಾಫಿ ಒಣಗಿಸುವ ಕಣದ ಅಂಚಿಗೇ ಇತ್ತು. ಕೊಯ್ಲು ಮುಗಿದು, ಒಣಗಿದ ಕಾಫಿ ಚೀಲಗಳೆಲ್ಲ ಲಾರಿ ಹತ್ತಿ, ಸಿಪ್ಪೆ ಬಿಡಿಸಲು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋದ ಮೇಲೆ ಕಣ ಖಾಲಿಯಾಗುತ್ತಿತ್ತು. ಆಗ ಸಂಜೆ ಹೊತ್ತು ಎಸ್ಟೇಟಿನ ಗಂಡಸರು ಅಲ್ಲೇ ನೆಟ್ ಕಟ್ಟಿ ವಾಲಿಬಾಲ್ ಆಡುತ್ತಿದ್ದರು. ಚೆಂಡು ಕಾಫಿ ಗಿಡದೊಳಗೆ ಹೋದರೆ ನುಗ್ಗಿ ತರುವುದು ನನ್ನ ಕೆಲಸ. ತಂದ ಚೆಂಡನ್ನು ಕೈಗೆ ಕೊಡು ಎನ್ನುತ್ತಿದ್ದರು. ನಾನು ಕೊಡುತ್ತಿರಲಿಲ್ಲ, ಹೊಡೆಯುತ್ತಿದ್ದೆ. ಮೊದಮೊದಲು ಬೈದರು. ನಾನು ಉದ್ದಕ್ಕೆ ಬೆಳೆದು, ಚೆಂಡು ನೆಟ್ ದಾಟಿ ಆ ಕಡೆಯವರ ಎದೆಗೆ ಬಡಿಯಲು ಶುರುವಾದ ಮೇಲೆ ಜನ ಕಡಿಮೆ ಇದ್ದ ದಿನ ಒಳಗೆ ಕರೆದರು. ಮೇಸ್ತ್ರಿ ಒಂದು ದಿನ ಅಪ್ಪನಿಗೆ ಹೇಳಿದರು, "ರೈಟ್ರೇ, ನಿಮ್ಮ ಮಗಳು ಗಂಡಾಗಿ ಹುಟ್ಬೇಕಿತ್ತು ಮಾರಾಯ್ರೆ." ಅಪ್ಪ ಹೆಮ್ಮೆಪಟ್ಟರೋ ಬೇಜಾರಾದರೋ ನನಗೆ ಗೊತ್ತಾಗಲಿಲ್ಲ. ನನಗಂತೂ ಆ ಮಾತು ಬೆಲ್ಲದಷ್ಟು ಸಿಹಿಯಾಗಿತ್ತು.

ನಾನು ಡಿಗ್ರಿಗೆ ಸೇರಿದ ವರ್ಷವೇ ಕಾಲೇಜಿಗೆ ಹೊಸ ದೈಹಿಕ ಶಿಕ್ಷಣ ನಿರ್ದೇಶಕರು ಬಂದರು. ತೊಂಬತ್ತರ ದಶಕದ ನಡುವಿನ ಮಾತು. ಬಯಲುಸೀಮೆ ಕಡೆಯವರು, ಆಗಷ್ಟೇ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಕೋರ್ಸು ಮುಗಿಸಿದ್ದವರು. ಕಂಚಿನ ಕಂಠ, ಕೊರಳಲ್ಲಿ ಸೀಟಿ. ಬಂದದ್ದು ಜುಲೈನಲ್ಲಿ. ನಮ್ಮ ಮಳೆ ನೋಡಿ ಕಂಗಾಲಾದರು. ಮೈದಾನ ಯಾವಾಗ ಸಿಗುತ್ತದೆ ಎಂದು ಕೇಳಿದ್ದಕ್ಕೆ ಜವಾನ ತಣ್ಣಗೆ ಅಕ್ಟೋಬರ್ ಎಂದನಂತೆ. ಅಲ್ಲಿಯವರೆಗೆ ಪಾಪ, ರಕ್ತ ಹೀರುವ ಇಂಬಳ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡು ವರಾಂಡದಲ್ಲೇ ನಮಗೆ ಡ್ರಿಲ್ ಮಾಡಿಸಿದರು.

ಮಳೆ ನಿಂತ ಮೇಲೆ ಸರ್ ಯಾರೆಂದು ಗೊತ್ತಾಯಿತು. ಪ್ರತಿ ಶನಿವಾರ ಕೊನೆಯ ಅವಧಿಯಲ್ಲಿ ಹುಡುಗರು ಹುಡುಗಿಯರು ಒಟ್ಟಿಗೇ ಮೈದಾನಕ್ಕೆ ಬರಬೇಕು ಎಂದರು. ಆಟಕ್ಕೆ ಗಂಡು ಹೆಣ್ಣು ಎಂಬ ಜಾತಿಯಿಲ್ಲ, ನಾವು ಕಲಿತದ್ದೇ ಅದು, ನಿಮಗೆ ಕಲಿಸುವುದೂ ಅದನ್ನೇ ಎಂದು ಭಾಷಣ ಮಾಡಿದರು. ನಾವು ಮುಸಿಮುಸಿ ನಕ್ಕೆವು. ಮೊದಲ ಶನಿವಾರ ಹುಡುಗರನ್ನೆಲ್ಲ ಹಿಂದುಗಡೆ ಕರೆದುಕೊಂಡು ಹೋಗಿ ಥ್ರೋಬಾಲ್ ಆಡಿಸಿದರು. ಆ ಗಮ್ಮತ್ತು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಚೆಂಡನ್ನು ಹೊಡೆದೇ ಅಭ್ಯಾಸವಾದ ಗಂಡುಗಳಿಗೆ ಹಿಡಿಯಲು ಬರದು. ಕೈಗೆ ಬಂದ ಚೆಂಡು ಎದೆಗೆ ಬಡಿದು ಕೆಳಗೆ ಬೀಳುತ್ತಿತ್ತು, ಎಸೆದದ್ದು ಗೋಡೆ ದಾಟುತ್ತಿತ್ತು. ನಮ್ಮ ಹುಡುಗಿಯರು ಅವರನ್ನು ಸಲೀಸಾಗಿ ಸೋಲಿಸಿದರು. ಸರ್ ಸೀಟಿ ಊದಿ, "ಏನ್ರೋ, ಹೆಂಗಸರ ಆಟ ಅಂತಿದ್ರಲ್ಲ, ಆಡ್ರೋ ನೋಡೋಣ" ಎಂದರು. ನನಗೆ ಆ ಕ್ಷಣವೇ ಅವರ ಮೇಲೆ ಭಕ್ತಿ ಬಂತು. ಇವರ ಹಾಗೆ ಸೀಟಿ ಊದುವ ಕೆಲಸ ನನಗೂ ಬೇಕು ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಮುಂದಿನ ಸರದಿ ನಮ್ಮದು. ಆಸಕ್ತಿ ಇರುವ ಹುಡುಗಿಯರು ಸಂಜೆ ವಾಲಿಬಾಲ್ ಅಂಕಣಕ್ಕೆ ಬನ್ನಿ ಎಂದರು. ತಂಡಕ್ಕೆ ಸಾಕಾಗಿ ಮಿಗುವಷ್ಟು ಹುಡುಗಿಯರು ಬಂದರು. ಅವರಲ್ಲಿ ಕಳಸದ ಕಡೆಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಒಬ್ಬಳು ನನ್ನ ಗೆಳತಿ. ಗಿಡ್ಡಕ್ಕೆ, ದುಂಡಗೆ ಇದ್ದಳು. ಮಾತಿಗೆ ಮೊದಲು ನಗು. ಮೊದಲ ಕೆಲವು ಸಂಜೆ ಸರ್ ನೆಟ್ ಕಟ್ಟದೆ, ವೃತ್ತದಲ್ಲಿ ನಿಲ್ಲಿಸಿ ಚೆಂಡು ಎತ್ತುವುದನ್ನಷ್ಟೇ ಕಲಿಸಿದರು. ನಮಗೆಲ್ಲ ಬೆರಳು ಊದಿಕೊಂಡವು. ಅವಳ ಕೈಗೆ ಬಂದ ಚೆಂಡು ಮಾತ್ರ ಸದ್ದಿಲ್ಲದೆ ಮೇಲಕ್ಕೆ ಏಳುತ್ತಿತ್ತು. ಎಲ್ಲಿಂದ ಬಂದರೂ, ಹೇಗೆ ಬಂದರೂ, ಹೊಡೆಯುವವರಿಗೆ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತಿತ್ತು. ಹೀಗೆ ಎತ್ತಿಕೊಡುವವರಿಗೆ ನಮ್ಮಲ್ಲಿ ಲಿಫ್ಟರ್ ಎನ್ನುತ್ತಿದ್ದರು. ಒಳ್ಳೆಯ ಲಿಫ್ಟರ್ ಸಿಗುವುದು ಕಷ್ಟ, ಹೊಡೆಯುವವರು ಬೇಕಾದಷ್ಟು ಸಿಗುತ್ತಾರೆ ಎಂದು ಸರ್ ನನ್ನನ್ನು ನೋಡಿಕೊಂಡೇ ಹೇಳಿದರು. ನನಗೆ ಸ್ವಲ್ಪ ಚುರುಕ್ಕೆಂದಿತು.

ಆಮೇಲೆ ನೆಟ್ ಕಟ್ಟುವ ದಿನ ಬಂತು. ಕಾಲೇಜಿಗೆ ಇದ್ದದ್ದು ಒಂದೇ ವಾಲಿಬಾಲ್ ನೆಟ್. ಕಂಬಗಳು ಯಾರೋ ಪ್ಲಾಂಟರು ದಾನ ಕೊಟ್ಟ ಹಳೆಯ ನೀರಾವರಿ ಪೈಪುಗಳು. ಅವಕ್ಕೆ ಕೊಕ್ಕೆ ಬೆಸುಗೆ ಹಾಕಿದ್ದದ್ದು ಗಂಡಸರ ಎತ್ತರಕ್ಕೆ. ಹೆಂಗಸರ ನೆಟ್ ಅದಕ್ಕಿಂತ ಹೆಚ್ಚುಕಡಿಮೆ ಒಂದು ಗೇಣು ಕೆಳಗಿರಬೇಕು. ಅದು ಆಟದ ನಿಯಮ, ಸರ್‌ಗೆ ಚೆನ್ನಾಗಿ ಗೊತ್ತಿತ್ತು. ಅವರು ಹಗ್ಗವನ್ನು ಕೈಯಲ್ಲಿ ಹಿಡಿದು, ಕಂಬಕ್ಕೆ ಎಲ್ಲಿ ಸುತ್ತಬೇಕೆಂದು ಅಳೆಯುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಹುಡುಗರ ತಂಡದ ನಾಯಕ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದವನು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಎಂತ ಸರ್, ಹೆಣ್ಮಕ್ಳಿಗೆ ಅಂತ ನೆಟ್ ಇಳಿಸದಾ? ಹಾಗಾದ್ರೆ ಒಂದು ಮಣೆನೂ ತರಿಸಿ ಸರ್, ಹತ್ತಿ ನಿಂತು ಆಡ್ಲಿ."

ಕಟ್ಟೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ಸರ್ ಮುಖ ಕೆಂಪಾಯಿತು. ಹಗ್ಗವನ್ನು ಸರಸರನೆ ಬಿಚ್ಚಿ ಮೇಲಿನ ಕೊಕ್ಕೆಗೇ ಬಿಗಿದರು. "ಯಾರಿಗೂ ಇಳಿಸಲ್ಲ ಕಣಯ್ಯ. ಇವರೂ ಇದೇ ನೆಟ್ ಮೇಲೆ ಆಡ್ತಾರೆ. ನಿನ್ನನ್ನ ಇದೇ ನೆಟ್ ಮೇಲೆ ಸೋಲಿಸ್ತಾರೆ, ನೋಡ್ತಿರು" ಎಂದರು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಆ ಹುಡುಗ ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ನೆಟ್ ಇಳಿಯುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಅವನಿಗೆ ಎರಡು ಬಿಡಬೇಕೆನಿಸುತ್ತದೆ. ಅವನು ಈಗ ಎಲ್ಲಿದ್ದಾನೋ ಏನೋ. ಅವನಿಗೆ ನೆನಪೂ ಇರಲಿಕ್ಕಿಲ್ಲ.

ಚಪ್ಪಾಳೆಯೇನೋ ತಟ್ಟಿದೆವು. ಆಡಲು ಹೋದಾಗ ತಿಳಿಯಿತು. ನಾನು ಉದ್ದಕ್ಕಿದ್ದೆ, ಕಣದಲ್ಲಿ ಗಂಡಸರ ನೆಟ್ ಮೇಲೆ ಹೊಡೆದು ಅಭ್ಯಾಸವಾಗಿತ್ತು, ನನಗೇನೂ ಅನಿಸಲಿಲ್ಲ. ಉಳಿದವರು ಎಷ್ಟು ಹಾರಿದರೂ ಅಂಗೈ ನೆಟ್‌ನ ಪಟ್ಟಿಯ ಮೇಲಕ್ಕೆ ಬರುತ್ತಿರಲಿಲ್ಲ. ಹೊಡೆದದ್ದೆಲ್ಲ ನೆಟ್‌ಗೆ ಬಡಿದು ಕಾಲ ಬುಡಕ್ಕೇ ಬೀಳುತ್ತಿತ್ತು. ಕಟ್ಟೆಯ ಮೇಲೆ ನಗು ನಿಲ್ಲುತ್ತಿರಲಿಲ್ಲ. ಸರ್ "ಬಿಡಬೇಡಿ, ಹಾರಿ, ಹಾರಿ" ಎಂದು ಹುರಿದುಂಬಿಸುತ್ತಿದ್ದರು. ಪಾಪದವರು ಹಾರಿದರು. ಒಂದು ವಾರಕ್ಕೆ ಕೆಲವರು ಬಿಟ್ಟರು, ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಬಹುಪಾಲು ಎಲ್ಲರೂ ಹಿಂದುಗಡೆಯ ಥ್ರೋಬಾಲ್‌ಗೆ ಮರಳಿದ್ದರು. ಕೊನೆಗೆ ಕಳಸದ ಗೆಳತಿಯೂ ಹೊರಟಳು. ನನಗೆ ಸಿಟ್ಟು ಬಂತು.

"ನಿಂಗೆಂತಾಯ್ತೇ? ನೀನು ಎತ್ತಿಕೊಡದು ತಾನೆ, ಹಾರಬೇಕು ಅಂತ ಏನಿಲ್ಲವಲ್ಲ" ಎಂದೆ.

"ಎತ್ತಿಕೊಡ್ತೀನಿ ಮಾರಾಯ್ತಿ, ಯಾರಿಗೆ? ಹೊಡಿಯದು ನೀನೊಬ್ಳೇ. ಉಳಿದವ್ರು ಎಲ್ಲಾ ಹೋದ್ರಲ್ಲ" ಎಂದಳು. "ನಂಗೆ ಅಲ್ಲೇ ಲಾಯ್ಕಾಗ್ತದೆ. ನಗುವವ್ರು ಯಾರೂ ಇಲ್ಲ."

ಹೀಗೆ ನಾನೊಬ್ಬಳೇ ಉಳಿದೆ. ಸರ್ ನನ್ನನ್ನು ಹುಡುಗರ ಜೊತೆಗೆ ಹಾಕಿ ಆಡಿಸಿದರು. ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಗಂಡುಹುಡುಗರ ನಡುವೆ ಹಾರುವ ನನ್ನನ್ನು ನೋಡಲು ರಸ್ತೆಯಲ್ಲಿ ಜೀಪು ನಿಲ್ಲಿಸುವವರಿದ್ದರು. ಮನೆಯಲ್ಲಿ ಅಮ್ಮ ನನ್ನ ಕಾಲು ನೋಡಿ, "ಹುಣಸೆ ಕೊರಡಿನ ಹಾಗೆ ಮಾಡ್ಕೊಂಡಿದೀಯಲ್ಲೇ" ಎಂದು ಗೊಣಗುತ್ತಿದ್ದಳು. ಕಾಲೇಜಿನ ಇತಿಹಾಸದ ಮೇಷ್ಟ್ರು ವರಾಂಡದಲ್ಲಿ ನಿಲ್ಲಿಸಿ, "ಏನಮ್ಮ, ನಮ್ಮ ಹುಡುಗರಿಗೆ ನೀರು ಕುಡಿಸ್ತಿದೀಯಂತೆ" ಎಂದರು. ಹುಡುಗರೂ ಕ್ರಮೇಣ ನಗುವುದನ್ನು ಬಿಟ್ಟರು. ಮಣೆ ತರಿಸಿ ಎಂದವನೇ ಒಂದು ದಿನ, "ಇವಳು ಹುಡುಗೀನೇ ಅಲ್ಲ ಬಿಡಿ ಸರ್" ಎಂದ. ಸರ್ ಗೆದ್ದವರ ಹಾಗೆ ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಏನು ಸೋತು ಹೋಯಿತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹಿಂದುಗಡೆಯಿಂದ ಥ್ರೋಬಾಲ್ ಆಡುವವರ ಕೂಗು, ನಗು ಕೇಳಿಸುತ್ತಿತ್ತು. ನಾನು ಆ ಕಡೆ ಹಾಯುವುದನ್ನೇ ಬಿಟ್ಟಿದ್ದೆ.

ಅಷ್ಟರಲ್ಲಿ ನನ್ನ ಮುಂದಿನ ದಾರಿ ಸ್ಪಷ್ಟವಾಗಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರಿಗೆ ದೈಹಿಕ ಶಿಕ್ಷಣದ ಕೋರ್ಸಿನಲ್ಲಿ ಸೀಟು ಸಿಗುವುದು ಸುಲಭ ಎಂದು ಸರ್ ಹೇಳಿದ್ದರು. ನಾನು ಅದನ್ನೇ ಮನೆಯಲ್ಲಿ ಹೇಳಿದೆ. ಅಪ್ಪ, "ಯೂನಿವರ್ಸಿಟಿಗೆ ಆಡಿ ಬಾ. ಆಮೇಲೆ ಯಾರು ಎಂತ ಹೇಳಿದ್ರೂ ನಾನು ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಮಾತ್ರ ಹಟ ಮಾಡ್ಬಾರ್ದು. ಎಸ್ಟೇಟ್ ಆಫೀಸಲ್ಲಿ ಒಂದು ಕೆಲ್ಸ ಇದೆ, ಯಜಮಾನ್ರು ಗೌಡ್ರ ಹತ್ರ ಆಗ್ಲೇ ಮಾತಾಡಿದೀನಿ" ಎಂದರು. ನನಗೆ ಅದು ಒಳ್ಳೆಯ ಒಪ್ಪಂದವೆಂದೇ ಕಂಡಿತು. ಗಂಡುಹುಡುಗರ ಮೇಲೆ ಹೊಡೆಯುವವಳಿಗೆ ಹುಡುಗಿಯರ ತಂಡದಲ್ಲಿ ಜಾಗ ಸಿಗದೇ ಇರುತ್ತದೆಯೇ!

ಆದರೆ ಆಯ್ಕೆಗೆ ಹೋಗಬೇಕಾದರೆ ಕಾಲೇಜಿನಿಂದ ಒಂದು ತಂಡ ಹೋಗಬೇಕು. ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದವರನ್ನು ನೋಡಿಯೇ ಆರಿಸುತ್ತಿದ್ದದ್ದು. ಎರಡು ವರ್ಷ ನಮ್ಮಲ್ಲಿ ತಂಡವೇ ಆಗಲಿಲ್ಲ, ಒಬ್ಬಳಿಂದ ತಂಡವಾಗುವುದಿಲ್ಲವಲ್ಲ. ಮೂರನೆಯ ವರ್ಷ, ಅಂದರೆ ನನ್ನ ಕೊನೆಯ ವರ್ಷ, ಪಂದ್ಯ ಚಿಕ್ಕಮಗಳೂರಿನಲ್ಲೇ ಎಂದು ಗೊತ್ತಾದಾಗ ಸರ್ ಥ್ರೋಬಾಲ್ ಹುಡುಗಿಯರ ಹತ್ತಿರ ಹೋಗಿ ಬೇಡಿಕೊಂಡರು. ಕಳಸದ ಗೆಳತಿ ಎಲ್ಲರನ್ನೂ ಒಪ್ಪಿಸಿದಳು. "ಸೋತ್ರೂ ಸೋಲ್ತೀವಿ ಮಾರಾಯ್ತಿ, ನಿಂಗೊಂದು ದಾರಿ ಆಗ್ಲಿ" ಎಂದಳು. ಒಂದು ವಾರ ಅಭ್ಯಾಸ ಮಾಡಿದೆವು. ಅದೇ ಕಂಬ, ಅದೇ ಕೊಕ್ಕೆ. ನೆಟ್ ಇಳಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಚಿಕ್ಕಮಗಳೂರಿನ ಮೈದಾನಕ್ಕೆ ಹೋಗಿ ಅಂಕಣ ನೋಡಿದಾಗ ನನಗೆ ನಗು ಬಂತು. ನೆಟ್ ಅಷ್ಟು ತಗ್ಗಾಗಿ ಕಂಡಿತು. ನಿಂತಲ್ಲೇ ಕೈ ಎತ್ತಿದರೆ ಪಟ್ಟಿ ಅಂಗೈಗೆ ಸಿಗುತ್ತಿತ್ತು. ಇವತ್ತು ಇವರ ಗತಿ ನೋಡಬೇಕು ಎಂದು ಗೆಳತಿಯ ಕಿವಿಯಲ್ಲಿ ಹೇಳಿದೆ. ಎದುರಿಗೆ ಚಿಕ್ಕಮಗಳೂರಿನದೇ ಒಂದು ಕಾಲೇಜಿನ ಹುಡುಗಿಯರು. ಯಾರೂ ನನ್ನ ಭುಜಕ್ಕಿಂತ ಎತ್ತರ ಇರಲಿಲ್ಲ.

ಮೊದಲ ಚೆಂಡನ್ನು ಗೆಳತಿ ಚೆನ್ನಾಗಿಯೇ ಎತ್ತಿದಳು. ಹಾರಿ, ಇದ್ದ ಬಲವೆಲ್ಲ ಹಾಕಿ ಹೊಡೆದೆ. ಚೆಂಡು ಎದುರು ಅಂಕಣದ ಹಿಂದಿನ ಗೆರೆ ದಾಟಿ, ಅಲ್ಲಿ ನಿಂತಿದ್ದ ಸೈಕಲ್ಲಿಗೆ ಬಡಿಯಿತು. ಔಟ್. ಪರವಾಗಿಲ್ಲ ಎಂದುಕೊಂಡೆ. ಎರಡನೆಯದೂ ಅಲ್ಲಿಗೇ ಹೋಯಿತು. ವರ್ಷಗಟ್ಟಲೆ ಎತ್ತರದ ನೆಟ್ ಮೇಲೆ ಚೆಂಡನ್ನು ಉದ್ದಕ್ಕೆ ದಾಟಿಸಿ ದಾಟಿಸಿ ನನ್ನ ಕೈಗೆ ಕೆಳಕ್ಕೆ ಬಗ್ಗಿಸಿ ಹೊಡೆಯುವುದೇ ಗೊತ್ತಿರಲಿಲ್ಲ. ಬಗ್ಗಿಸಲು ಹೋದರೆ ಇಳಿಯುವ ಕೈ ನೆಟ್‌ಗೆ ತಾಗುತ್ತಿತ್ತು, ರೆಫರಿ ಸೀಟಿ ಊದುತ್ತಿದ್ದರು. ತಡೆಯಲು ಹಾರಿದರೆ ಮೊಣಕೈ ಪಟ್ಟಿಗೆ ಒರಗುತ್ತಿತ್ತು, ಮತ್ತೆ ಸೀಟಿ. ಅಭ್ಯಾಸ ತಿದ್ದಿಕೊಳ್ಳಲು ಕೆಲವು ದಿನ ಸಿಕ್ಕಿದ್ದರೆ ಸಾಕಿತ್ತು. ನನಗಿದ್ದದ್ದು ಒಂದು ಪಂದ್ಯ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಅವರು ಆಡುತ್ತಿದ್ದ ಆಟವೇ ನನಗೆ ಗೊತ್ತಿರಲಿಲ್ಲ. ಹುಡುಗರ ಆಟದಲ್ಲಿ ಎರಡು ಏಟಿಗೆ ಚೆಂಡು ಸಾಯುತ್ತಿತ್ತು. ಇಲ್ಲಿ ಸಾಯುತ್ತಲೇ ಇರಲಿಲ್ಲ. ನಾನು ಹೊಡೆದು ಒಳಗೆ ಬಿದ್ದ ಚೆಂಡುಗಳನ್ನೂ ಅವರು ನೆಲಕ್ಕೆ ಬಿದ್ದು ಎತ್ತಿದರು, ತಾಳ್ಮೆಯಿಂದ ತಿರುಗಿ ಕಳಿಸಿದರು. ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ ಹೊಡೆಯುವಂತೆ ಹಾರಿ, ಹೊಡೆಯದೆ, ಬೆರಳ ತುದಿಯಲ್ಲಿ ಚೆಂಡನ್ನು ನನ್ನ ಹಿಂದೆ ಖಾಲಿ ಜಾಗಕ್ಕೆ ಇಳಿಸುತ್ತಿದ್ದಳು. ನಾನು ತಿರುಗುವಷ್ಟರಲ್ಲಿ ಅದು ನೆಲದಲ್ಲಿ ಇರುತ್ತಿತ್ತು. ಅಂತಹ ಆಟಕ್ಕೆ ನಮ್ಮ ಅಂಕಣದಲ್ಲಿ "ಹೆಂಗಸಿನ ಆಟ" ಎಂದು ಹೆಸರಿತ್ತು. ಹಾಗೆ ಆಡಿದ ಹುಡುಗನನ್ನು ಸರ್ ಗದರುತ್ತಿದ್ದರು.

ನಾವು ಸೋತೆವು. ಸೋಲು ಹೆಚ್ಚಾಗದಂತೆ ತಡೆದವಳು ಗೆಳತಿ. ಅವತ್ತು ಅವಳು ಆಡಿದ್ದನ್ನು ನಾನು ಮರೆಯಲಾರೆ. ಎಲ್ಲಿ ಚೆಂಡು ಬೀಳುತ್ತದೋ ಅಲ್ಲಿ ಅವಳಿದ್ದಳು. ಮಂಡಿ ಕಿತ್ತುಹೋಗಿ ರಕ್ತ ಸುರಿಯುತ್ತಿತ್ತು, ನಗುತ್ತಿದ್ದಳು. ಪಂದ್ಯ ಮುಗಿದ ಮೇಲೆ ಆಯ್ಕೆಗೆ ಬಂದಿದ್ದ ಮೇಡಂ ನಮ್ಮ ಹತ್ತಿರ ಬಂದರು. ನರೆಗೂದಲಿನ, ಸೀರೆಗೆ ಕ್ಯಾನ್ವಾಸ್ ಶೂ ಹಾಕಿದ್ದ ಹೆಂಗಸು. ಮೊದಲು ನನ್ನ ಮುಂದೆ ನಿಂತರು.

"ಎಷ್ಟು ಚೆನ್ನಾಗಿ ಹಾರ್ತೀಯಮ್ಮ ನೀನು. ಆದ್ರೆ ಹುಡುಗೀರ ಜೊತೆ ಆಡೇ ಇಲ್ಲ ಅಲ್ವಾ?" ಎಂದರು.

ನಾನು ಹೆಮ್ಮೆಯಿಂದಲೇ, "ಹುಡುಗರ ಜೊತೆ ಆಡೋದು ಮೇಡಂ" ಎಂದೆ. ಅವರು ತಲೆಯಾಡಿಸಿ ಗೆಳತಿಯ ಕಡೆ ತಿರುಗಿದರು. ಯಾವಾಗಿನಿಂದ ಆಡುತ್ತಿದ್ದೀಯ ಎಂದು ಕೇಳಿದರು.

"ಒಂದು ವಾರ ಆಯ್ತು ಮೇಡಂ."

"ಒಂದು ವಾರ! ಮೂರು ವರ್ಷ ಎಲ್ಲಿದ್ದೆ ಮಗಳೇ?"

"ಹಿಂದ್ಗಡೆ ಮೇಡಂ, ಥ್ರೋಬಾಲಲ್ಲಿ" ಎಂದಳು ಅವಳು, ಊರಿನ ಹೆಸರು ಹೇಳುವಷ್ಟು ಸಹಜವಾಗಿ. ಮೇಡಂ ಅವಳ ಕೆನ್ನೆ ಸವರಿ ಹೊರಟುಹೋದರು. ಸಂಜೆ ಓದಿದ ಹೆಸರುಗಳಲ್ಲಿ ನಮ್ಮ ಕಾಲೇಜಿನದು ಒಂದೂ ಇರಲಿಲ್ಲ. ಎರಡು ಜಡೆಯವಳ ಹೆಸರಿತ್ತು.

ಬಸ್ಸಿನಲ್ಲಿ ಬರುವಾಗ ಸರ್ ದಾರಿಯುದ್ದಕ್ಕೂ ಆಯ್ಕೆಯವರನ್ನು ಬೈದರು. ಗಂಡುಮಕ್ಕಳ ಹಾಗೆ ಆಡುವ ಹುಡುಗಿ ಕಣ್ಣೆದುರಿಗಿದ್ದರೂ ಗುರುತಿಸಲಾರದ ಕುರುಡರು ಎಂದರು. ನಾನು ನಂಬಿದೆ. ಆ ಮೇಡಂಗೆ ಎತ್ತರದ ಹುಡುಗಿಯರನ್ನು ಕಂಡರೆ ಆಗದು ಎಂದು ಯಾರೋ ಹೇಳಿದರು, ಅದನ್ನೂ ನಂಬಿದೆ. ಗೆಳತಿ ಕರವಸ್ತ್ರ ಕಟ್ಟಿದ ಮಂಡಿ ಚಾಚಿಕೊಂಡು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅವಳಿಗೂ ಏನೋ ಕೈತಪ್ಪಿತು ಎಂದು ಬಸ್ಸಿನಲ್ಲಿದ್ದ ಒಬ್ಬರಿಗೂ ಅನಿಸಲಿಲ್ಲ. ಅವಳಿಗೂ ಅನಿಸಿದ ಹಾಗೆ ಕಾಣಲಿಲ್ಲ.

ಅಪ್ಪ ಮಾತಿಗೆ ತಪ್ಪುವವರಲ್ಲ. "ಆಯ್ತು ಬಿಡು, ನಿನ್ನ ಪ್ರಯತ್ನ ನೀನು ಮಾಡಿದೆ" ಎಂದರು. ಕೋರ್ಸಿಗೆ ಅರ್ಜಿ ಹಾಕುವುದನ್ನು ನಾನೂ ಕೇಳಲಿಲ್ಲ, ಅವರೂ ಎತ್ತಲಿಲ್ಲ. ಡಿಗ್ರಿ ಮುಗಿದ ಮಳೆಗಾಲದಲ್ಲಿ ಎಸ್ಟೇಟ್ ಆಫೀಸಿನ ಮೇಜಿನ ಮುಂದೆ ಕೂತೆ. ಈಗಲೂ ಅಲ್ಲೇ ಇದ್ದೇನೆ. ಕೆಲಸ ಕೆಟ್ಟದ್ದಲ್ಲ, ಗೌಡರು ಒಳ್ಳೆಯವರು, ಊಟಕ್ಕೆ ಬಟ್ಟೆಗೆ ಕೊರತೆಯಾಗಲಿಲ್ಲ. ಆದರೂ ಬೇಸಿಗೆಯ ಸಂಜೆ ಕಣದಲ್ಲಿ ಚೆಂಡಿನ ಸದ್ದು ಕೇಳಿದರೆ ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಎಷ್ಟೋ ವರ್ಷದ ಮೇಲೆ, ಎರಡು ಸಾವಿರದ ಇಸವಿ ದಾಟಿತ್ತು, ಸಂಸೆಯಲ್ಲಿ ನೆಂಟರ ಮನೆಯ ಮದುವೆ ಮುಗಿಸಿ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಬೆನ್ನಿಗೆ ಒಂದು ಬಿಟ್ಟರು. ಅವಳೇ. ಇನ್ನಷ್ಟು ದುಂಡಗಾಗಿದ್ದಳು, ಕಂಕುಳಲ್ಲಿ ಮಗು. ಗಂಡನದು ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ ಎಂದಳು. ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಾ ಅದೂ ಇದೂ ಮಾತಾಡಿದೆವು. ನಾನು ಹಳೆಯ ಸಿಟ್ಟನ್ನೇ ತೆಗೆದೆ. ಆಯ್ಕೆಯವರು ಮೋಸ ಮಾಡಿದರು ಎಂದೆ. ಅವಳು ಮಗುವಿನ ಬಾಯಿ ಒರೆಸುತ್ತಾ ಹೇಳಿದಳು:

"ಮೋಸ ಎಂತದು ಮಾರಾಯ್ತಿ. ನೀನು ಆ ಎತ್ತರದ ನೆಟ್ ಬಿಟ್ಟು ಕೆಳಗೆ ಆಡೇ ಇರ್ಲಿಲ್ಲ. ಹಿಂದ್ಗಡೆ ನಮ್ಮ ಥ್ರೋಬಾಲ್ ನೆಟ್ ಇತ್ತಲ್ಲ, ಅದು ಹೆಂಗಸರ ವಾಲಿಬಾಲ್ ನೆಟ್‌ಗೆ ಸರಿಸುಮಾರು ಅಷ್ಟೇ ಎತ್ತರ. ದಿನಾ ಸಂಜೆ ನಮ್ಮಾಟ ಮುಗಿದ ಮೇಲೆ ಅದು ಖಾಲಿ ಇರ್ತಿತ್ತು. ನಿನ್ನ ಕರೀಬೇಕು, ನಾವೆಲ್ಲ ಸೇರಿ ಅಲ್ಲೇ ವಾಲಿಬಾಲ್ ಆಡ್ಬೇಕು ಅಂತ ಎಷ್ಟು ಸಲ ಅಂದ್ಕೊಂಡಿದ್ದೆ."

"ಮತ್ತೆ ಎಂತಕ್ಕೆ ಕರೀಲಿಲ್ಲ?"

"ನೀನು ಹುಡುಗರ ಕಡೆಯವಳಾಗಿದ್ದೆಯಲ್ಲೇ" ಎಂದಳು. ಆಪಾದನೆಯ ದನಿಯಲ್ಲೇನೂ ಅಲ್ಲ. ಆಮೇಲೆ ಲೋಟ ಕೆಳಗಿಟ್ಟು, "ಆ ಒಂದು ವಾರ ಮಾತ್ರ ಎಷ್ಟು ಚೆನ್ನಾಗಿತ್ತು" ಎಂದಳು.

ಬಸ್ಸಿನಲ್ಲಿ ಕೂತವಳಿಗೆ ಮೂಡಿಗೆರೆ ಬರುವವರೆಗೂ ಅಳು ತಡೆಯಲಾಗಲಿಲ್ಲ. ಸರಿಯಾದ ಎತ್ತರದ ನೆಟ್ ಮೂರು ವರ್ಷವೂ ಕಟ್ಟಡದ ಆ ಬದಿಗೆ ತೂಗುತ್ತಿತ್ತು. ಆಡುವವರೂ ಅಲ್ಲೇ ಇದ್ದರು. ಹೆಣ್ಣು ಕಡಿಮೆಯಲ್ಲ ಎಂದು ತೋರಿಸಲು ಹೊರಟ ಸರ್‌ಗೆ, ಸರ್ ಮಾತನ್ನು ನೆತ್ತಿಯ ಮೇಲಿಟ್ಟುಕೊಂಡ ನನಗೆ, ಹಿಂದುಗಡೆ ಇದ್ದದ್ದು ಆಟವೆಂದೇ ಕಾಣಲಿಲ್ಲ. ಹುಡುಗಿಯರಲ್ಲಿ ಒಬ್ಬಳನ್ನು ಹುಡುಗನನ್ನಾಗಿ ಮಾಡಿದ್ದನ್ನೇ ಗೆಲುವು ಎಂದುಕೊಂಡೆವು. ಸರ್ ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರಷ್ಟು ನಮ್ಮ ಪರವಾಗಿ ಆ ಕಾಲೇಜಿನಲ್ಲಿ ಇನ್ನು ಯಾರೂ ನಿಂತಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ ಸಂಕಟ.

ಅದಾದ ಕೆಲವು ವರ್ಷಕ್ಕೆ ಸರ್ ಎಸ್ಟೇಟ್ ಆಫೀಸಿಗೆ ಫೋನು ಮಾಡಿದರು. ಕಾಲೇಜಿನ ಕ್ರೀಡಾದಿನಕ್ಕೆ ಹಳೆಯ ವಿದ್ಯಾರ್ಥಿನಿಯಾಗಿ ಬರಲೇಬೇಕು ಎಂದರು. ಹೋಗಿ ಎದುರಿಗೇ ನಾಲ್ಕು ಮಾತು ಕೇಳಿಬಿಡಬೇಕೆಂದು ಹೊರಟೆ. ಹೋಗಿ ನೋಡಿದರೆ ಸರ್ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹಳೆಯ ಪೈಪ್ ಕಂಬಗಳೇ ಇದ್ದವು. ಆದರೆ ಮೇಲಿನ ಕೊಕ್ಕೆಯ ಒಂದು ಗೇಣು ಕೆಳಗೆ ಇನ್ನೊಂದು ಕೊಕ್ಕೆ ಬೆಸೆದಿತ್ತು. ನೆಟ್ ಅದಕ್ಕೇ ಕಟ್ಟಿತ್ತು. ಮುಂದುಗಡೆಯ ಅಂಕಣದಲ್ಲಿ, ರಸ್ತೆಗೆ ಕಾಣುವಂತೆ, ಹುಡುಗಿಯರು ಗಲಾಟೆ ಮಾಡುತ್ತಾ ಆಡುತ್ತಿದ್ದರು. ಉದ್ದದವರು, ಗಿಡ್ಡದವರು, ಎಲ್ಲ ಬಗೆಯವರೂ ಇದ್ದರು. ಕಟ್ಟೆಯ ಮೇಲೆ ಕೂತ ಹುಡುಗರು ಅಂಕ ಕೂಗುತ್ತಿದ್ದರು.

ನಾನು ಕೊಕ್ಕೆಯನ್ನೇ ನೋಡುತ್ತಿದ್ದದ್ದನ್ನು ಸರ್ ಗಮನಿಸಿದರು. "ನೀನು ಹೋದ ಮರುವರ್ಷ ಹಾಕಿಸಿದೆ ಕಣಮ್ಮ. ಬಸ್ಸಿನಲ್ಲಿ ಅಷ್ಟೆಲ್ಲ ಬೈದೆನಲ್ಲ, ಮನೆಗೆ ಹೋಗಿ ಮಲಗಿದ ಮೇಲೆ ಗೊತ್ತಾಯ್ತು. ನಿಂಗೆ ಹೇಳೋಕೆ ಬಾಯಿ ಬರಲಿಲ್ಲ" ಎಂದರು. "ಹಾಕಿಸಿದ್ರಲ್ಲ ಸರ್, ಒಳ್ಳೇದಾಯ್ತು" ಎಂದೆ. ಒಳ್ಳೆಯದೇ ಆಗಿತ್ತು. ನನಗೂ ಕಳಸದವಳಿಗೂ ಆಗಲಿಲ್ಲ, ಅಷ್ಟೆ.

ಇಷ್ಟಾದರೂ ಸರ್‌ಗೆ ಹಳೆಯ ಚಪಲ ಬಿಟ್ಟಿರಲಿಲ್ಲ. ಸೀಟಿ ಊದಿ ಹುಡುಗಿಯರನ್ನೆಲ್ಲ ಕರೆದು ನನ್ನ ಭುಜದ ಮೇಲೆ ಕೈಯಿಟ್ಟು, "ಇವರು ಯಾರು ಗೊತ್ತೇನ್ರೇ? ಈ ಕಾಲೇಜಲ್ಲಿ ಗಂಡುಮಕ್ಕಳ ನೆಟ್ ಮೇಲೆ, ಗಂಡುಮಕ್ಕಳ ಜೊತೆ ಆಡಿದ ಒಬ್ಬಳೇ ಹುಡುಗಿ" ಎಂದರು. ಹುಡುಗಿಯರು ಬಾಯಿ ಬಿಟ್ಟುಕೊಂಡು ನನ್ನನ್ನೂ ಮೇಲಿನ ಕೊಕ್ಕೆಯನ್ನೂ ನೋಡಿದರು. ಅವರಲ್ಲಿ ಎಲ್ಲರಿಗಿಂತ ಉದ್ದಕ್ಕಿದ್ದ ಒಬ್ಬಳು ಮುಂದೆ ಬಂದಳು. ಬೆವರಿದ ಮುಖ, ಕಣ್ಣಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಆ ಹೊಳಪು.

"ಸರ್, ನಂಗೂ ಆ ಮೇಲಿನ ನೆಟ್ ಹಾಕ್ಸಿ ಸರ್. ನಾನೂ ಅಲ್ಲೇ ಆಡ್ತೀನಿ" ಎಂದಳು.

ಸರ್ ನನ್ನ ಮುಖ ನೋಡಿದರು. ನಾನು ಅವಳ ಕೈ ಹಿಡಿದುಕೊಂಡೆ.

"ಬೇಡ ಮಗಾ," ಎಂದೆ, "ಅಲ್ಲಿ ನಿನ್ ಜೊತೆ ಆಡೋಕೆ ಯಾರೂ ಇರದಿಲ್ಲ."